ಎಪ್ಪತ್ತು ತಲೆ ಬಾಡಿಗೆ

ನಮ್ಮೂರಿನಷ್ಟು ಅಗ್ಗದ ಊರು ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಸುಮ್ಮನೆ ಹೇಳುತ್ತಿಲ್ಲ. ಮೂವತ್ತೊಂದು ವರ್ಷದಿಂದ ಈ ಊರಿನ ಅರ್ಧದಷ್ಟು ಗಂಡಸರ ತಲೆ ಹಿಡಿದು ಬಗ್ಗಿಸಿದವನು ನಾನು. ಉಳಿದರ್ಧ ಬೋಳು. ನನ್ನ ಕುರ್ಚಿಯಲ್ಲಿ ಕೂತವನು ಮನೆಯ ಗುಟ್ಟು ಬಿಡದೆ ಎದ್ದದ್ದಿಲ್ಲ. ಹೀಗಾಗಿ ಯಾರ ಮನೆಯ ಸಾಮಾನಿಗೆ ಎಷ್ಟಾಯಿತು, ಯಾರು ಎಷ್ಟು ಬಾಡಿಗೆ ಕೊಡುತ್ತಾರೆ, ಯಾರು ಕೊಡದೆ ಎಷ್ಟು ತಿಂಗಳಾಯಿತು, ಎಲ್ಲವೂ ನನಗೆ ಬಾಯಿಪಾಠ. ನಮ್ಮ ತರಕಾರಿಯವನು ಟೊಮೆಟೊ ಕೊಂಡವರಿಗೆ ಈರುಳ್ಳಿ ಸುಮ್ಮನೆ ಹಾಕುತ್ತಾನೆ, ಬೇಡವೆಂದರೆ ಅತ್ತೇಬಿಡುತ್ತಾನೆ. ನಮ್ಮ ಮನೆ ಮಾಲೀಕ ಬಾಡಿಗೆ ಕೇಳಲು ಬಂದರೆ ನಾಚಿಕೆಯಿಂದ ಗೋಡೆ ನೋಡುತ್ತಾ ನಿಲ್ಲುತ್ತಾನೆ. ಇನ್ನು ನನ್ನ ಕತ್ತರಿಯ ಮಾತು ಎತ್ತುವುದೇ ಬೇಡ. ಅದರ ಸದ್ದು ಕೇಳಿದರೆ ಎರಡು ಬೀದಿ ಆಚೆ ಮಲಗಿದವನ ಕೂದಲೂ ಎದ್ದು ಸಾಲಾಗಿ ನಿಲ್ಲುತ್ತದೆ.

ಇಂಥ ಊರು ಬಿಟ್ಟು ನನ್ನ ತಮ್ಮ ಬಂದರಿನ ಊರಿಗೆ ಹೋಗುತ್ತಾನೆ ಎಂಬ ಸುದ್ದಿ ಬಂದಾಗ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ನಗುತ್ತಲೇ ಒಬ್ಬ ಗಿರಾಕಿಯ ಎಡ ಮೀಸೆ ಹಾರಿಸಿಬಿಟ್ಟೆ. ಆಮೇಲೆ ಬಲದ್ದನ್ನೂ ತೆಗೆದು ಈಗಿನ ಫ್ಯಾಷನ್ ಇದೇ ಎಂದು ಹೇಳಿ ಕಳಿಸಬೇಕಾಯಿತು.

ಸುದ್ದಿ ತಂದದ್ದು ತಮ್ಮನ ಷಡ್ಡಕ, ಅಂದರೆ ಅವನ ಹೆಂಡತಿಯ ಅಕ್ಕನ ಗಂಡ. ಬ್ರೆಡ್ ಸುಡುವವರ ಮನೆಯ ಆ ಅಕ್ಕ ತಂಗಿ ಇಬ್ಬರೂ ಕೊನೆಗೆ ಬಿದ್ದದ್ದು ಕತ್ತರಿ ಹಿಡಿದವರ ಮನೆಗೇ. ಷಡ್ಡಕನಿಗೆ ಬಂದರಿನ ಊರಿನಲ್ಲಿ ಗಾಜಿನ ಬಾಗಿಲಿನ ಅಂಗಡಿ, ಒಳಗೆ ಐದು ಕುರ್ಚಿ, ಪರದೆಯ ಆಚೆ ಹೆಂಗಸರಿಗೆ ಬೇರೆ ಕೋಣೆ. ಮಾತೆತ್ತಿದರೆ ‘ನನ್ನ ಐದು ಕುರ್ಚಿ, ನನ್ನ ಐದು ಕುರ್ಚಿ’ ಎನ್ನುವುದರಿಂದ ನಾನು ಅವನಿಗೆ ಇಟ್ಟ ಹೆಸರೂ ಐದುಕುರ್ಚಿ. ಈಗ ಐದರಲ್ಲಿ ಒಂದು ಖಾಲಿಯಾಗಿದೆಯಂತೆ. ‘ಬಂದು ಕೆಲಸ ಮಾಡು, ಭಾನುವಾರ ಸಂಜೆ ನಾಲ್ಕಕ್ಕೆ ಫೋನ್ ಮಾಡ್ತೀನಿ, ಹೂಂ ಅಥವಾ ಉಹೂಂ ಹೇಳು’ ಅಂದಿದ್ದಾನೆ.

ತಮ್ಮ ಹೂಂ ಅಂದರೆ ನನ್ನ ಅಂಗಡಿಯ ಕಿಟಕಿ ಪಕ್ಕದ ಕುರ್ಚಿ ಖಾಲಿ. ಹತ್ತೊಂಬತ್ತು ವರ್ಷ ನನ್ನ ಪಕ್ಕದಲ್ಲೇ ನಿಂತವನು. ನಾನು ದಿನಕ್ಕೆ ಹತ್ತು ಸಾವಿರ ಮಾತಾಡಿದರೆ ಅವನು ನಾಲ್ಕು ಆಡುತ್ತಾನೆ, ಅದರಲ್ಲಿ ಮೂರು ‘ತಲೆ ಎತ್ತಿ’. ಅಂಥ ಕೇಳುಗ ಹಣ ಕೊಟ್ಟರೂ ಸಿಗುವುದಿಲ್ಲ. ಅವನನ್ನು ಕಳಿಸಬಾರದು ಎಂದು ಅಂದೇ ತೀರ್ಮಾನಿಸಿದೆ. ಆದರೆ ‘ಹೋಗಬೇಡ ಕಣೋ’ ಎಂದು ಹೇಳಲು ನನ್ನಂಥ ಗಂಡಸಿಗೆ ಬಾಯಿ ಬಂದೀತೇ? ಬಂದರಿನ ಊರಿನಲ್ಲಿ ಬದುಕುವುದು ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ ತೋರಿಸಿದರೆ ಅವನೇ ಬಾಲ ಮುದುರಿ ಕೂರುತ್ತಾನೆ ಅಂದುಕೊಂಡೆ.

ಲೆಕ್ಕ ಎಂದರೆ ನಮ್ಮ ಮನೆಯಲ್ಲಿ ತಲೆ ಲೆಕ್ಕ. ಬೇರೆ ಲೆಕ್ಕ ನಮಗೆ ಹತ್ತುವುದಿಲ್ಲ. ಒಂದು ಕಟಿಂಗ್ ಅಂದರೆ ಒಂದು ತಲೆ. ಮೂರು ಶೇವಿಂಗ್ ಸೇರಿದರೆ ಒಂದು ತಲೆ. ಕೂದಲಿಗೆ ಬಣ್ಣ ಹಚ್ಚಿದರೆ ಎರಡು ತಲೆ. ಇದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಕೊಡೆ ನಾಲ್ಕು ತಲೆ, ಗೋಡೆ ಗಡಿಯಾರ ಒಂಬತ್ತು ತಲೆ, ನನ್ನ ಮದುವೆಯ ಕೋಟು ನೂರ ಹತ್ತು ತಲೆ. ಏನನ್ನು ಕೊಳ್ಳಲು ಹೋದರೂ ಕಣ್ಣ ಮುಂದೆ ಅಷ್ಟು ತಲೆಗಳು ಸಾಲಾಗಿ ಬಗ್ಗಿ ನಿಲ್ಲುತ್ತವೆ, ಅರ್ಧ ಸಾಮಾನು ಅಲ್ಲೇ ಬಿಟ್ಟು ಬರುತ್ತೇವೆ. ತಮ್ಮನ ಹೆಂಡತಿ ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ನಮ್ಮಮ್ಮ ಹಿತ್ತಿಲಿನಿಂದ, ‘ಹಾಲಿನವನು ಬಂದಿದಾನೆ, ಎಂಟು ತಲೆ ಎತ್ತಿಟ್ಟಿದೀಯೇನೋ?’ ಎಂದು ಕೂಗಿದ್ದು ಕೇಳಿ ಆ ಹುಡುಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಮಧ್ಯಾಹ್ನದವರೆಗೂ ತೆಗೆಯಲಿಲ್ಲ. ಈಗ ಅವಳೇ ನಮ್ಮೆಲ್ಲರಿಗಿಂತ ಬೇಗ ತಲೆ ಎಣಿಸುತ್ತಾಳೆ.

ಬುಧವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ನಾನೇ ಖುದ್ದಾಗಿ ಬಂದರಿನ ಊರಿಗೆ ರೈಲು ಹತ್ತಿದೆ.

‘ಅಣ್ಣಾ, ಯಾಕೆ ತೊಂದ್ರೆ? ಅಲ್ಲಿ ಬೆಲೆ ಎಷ್ಟು ಅಂತ ಫೋನಲ್ಲೇ ಕೇಳಬಹುದಲ್ಲ,’ ಅಂದ ತಮ್ಮ.

‘ಫೋನಲ್ಲಿ ಯಾರೋ ನಿಜ ಹೇಳ್ತಾರೆ? ನಾನೇ ಕಣ್ಣಾರೆ ನೋಡ್ಕೊಂಡು ಬರ್ತೀನಿ. ನಿನ್ನ ಒಳ್ಳೇದಕ್ಕೆ.’

‘ಒಳ್ಳೇದಕ್ಕಂತೆ,’ ಎಂದಳು ನನ್ನವಳು, ಡಬ್ಬಿ ಕಟ್ಟುತ್ತಾ. ‘ಮುಖ ನೋಡು, ಕದಿಯೋಕೆ ಹೊರಟ ಬೆಕ್ಕಿನ ಹಾಗಿದೆ.’

ನನ್ನ ಹೆಂಡತಿಗೆ ನನ್ನ ಮೇಲೆ ಬಹಳ ಗೌರವ. ತೋರಿಸಿಕೊಳ್ಳುವುದಿಲ್ಲ, ಅಷ್ಟೆ.

ಬಂದರಿನ ಊರಿನಲ್ಲಿ ನಾನು ಮಾಡಿದ ತನಿಖೆಯನ್ನು ಸರ್ಕಾರಗಳೂ ಮಾಡಿರಲಾರವು. ಯಾವ ಊರಿನಲ್ಲೂ ಅಗ್ಗದ ಅಂಗಡಿ ಒಂದು, ದುಬಾರಿ ಅಂಗಡಿ ಒಂದು ಇದ್ದೇ ಇರುತ್ತದೆ. ಒಬ್ಬ ಸಾಮಾನ್ಯ ಮನುಷ್ಯ ಎರಡಕ್ಕೂ ಹೋಗುತ್ತಾನೆ. ನಾನು ಒಂದೇ ಕಡೆ ಹೋದೆ. ಹಡಗಿನಿಂದ ಇಳಿದ ಸಾಹುಕಾರರು ತಂಗುವ ಹೋಟೆಲುಗಳ ಬೀದಿಯಲ್ಲಿ ತರಕಾರಿ ವಿಚಾರಿಸಿದೆ. ಅಲ್ಲಿ ಟೊಮೆಟೊಗಳನ್ನು ಒಂದೊಂದಾಗಿ ಹತ್ತಿಯ ಮೇಲೆ ಮಲಗಿಸಿದ್ದರು. ಮುಟ್ಟಲು ಹೋದರೆ ಅಂಗಡಿಯವಳು, ‘ಏಳಿಸ್ಬೇಡಿ’ ಅನ್ನುವ ಹಾಗೆ ನೋಡಿದಳು. ಗಾಜಿನ ಗೋಡೆಯ ಕಾಫಿ ಅಂಗಡಿಯಲ್ಲಿ ಕೂತು ಒಂದು ಕಾಫಿ ಕುಡಿದೆ. ಒಂದೂವರೆ ತಲೆ! ನೊರೆಯನ್ನು ಚಮಚೆಯಲ್ಲಿ ಸರಿಸಿ ಸರಿಸಿ ಅರ್ಧ ತಲೆ ಎಲ್ಲಿದೆ ಎಂದು ಹುಡುಕಿದೆ. ಬಾಡಿಗೆ ಮನೆ ತೋರಿಸುವ ದಲ್ಲಾಳಿಯೊಬ್ಬನನ್ನು ಹಿಡಿದು, ಸಮುದ್ರ ಕಾಣುವ ಮನೆಯೇ ಬೇಕು ಎಂದೆ. ಅವನು ಎರಡು ರೂಮಿನ ಮನೆಗೆ ಕರೆದುಕೊಂಡು ಹೋಗಿ, ಅಡುಗೆಮನೆಯ ಕಿಟಕಿಯಲ್ಲಿ ಕತ್ತು ಹೊರಗೆ ಹಾಕಿ ಎಡಕ್ಕೆ ತಿರುಗಿಸಲು ಹೇಳಿದ. ಯಾರದೋ ಒಗೆದ ಬಟ್ಟೆಗಳ ಸಂದಿಯಲ್ಲಿ ಬೆರಳಗಲ ನೀಲಿ ಕಾಣಿಸಿತು. ಅದಕ್ಕೆ ಎಪ್ಪತ್ತು ತಲೆ ಬಾಡಿಗೆ.

‘ಸಮುದ್ರ ಕಾಣದೇ ಇದ್ರೆ?’ ಎಂದು ಕೇಳಿದೆ, ಬಾಯಿ ತಪ್ಪಿ.

‘ಹಿಂದಿನ ಬೀದೀಲಿದೆ ಸಾರ್, ಇದರ ಅರ್ಧಕ್ಕೆ,’ ಎಂದ ಅವನು. ಆ ಮಾತು ನನ್ನ ಕಿವಿಗೆ ಬೀಳಲಿಲ್ಲ. ಬಂದರಿನಲ್ಲಿ ಗಾಳಿ ಜಾಸ್ತಿ.

ಐದುಕುರ್ಚಿಯ ಅಂಗಡಿಯ ಒಳಗೆ ಹೋಗಲಿಲ್ಲ, ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ನಾಲ್ಕು ಕುರ್ಚಿ ತುಂಬಿತ್ತು, ಬೆಂಚಿನ ಮೇಲೆ ಆರು ಜನ. ಗೋಡೆಯ ಮೇಲೆ ದೊಡ್ಡ ಅಕ್ಷರದ ದರಪಟ್ಟಿ. ಒಂದು ಕಟಿಂಗಿಗೆ ನಮ್ಮಲ್ಲಿ ಪಡೆಯುವುದರ ಸರಿಯಾಗಿ ಮೂರರಷ್ಟು. ನನ್ನ ಕಣ್ಣು ಇನ್ನೂ ಹದ್ದಿನ ಕಣ್ಣು, ಅರ್ಧ ಮೈಲಿಯಿಂದ ಹೇನು ಗುರುತಿಸಬಲ್ಲೆ. ಆದರೂ ಆ ಪಟ್ಟಿಯನ್ನು ನೋಡಿಲ್ಲವೆಂದು ನನ್ನ ಕಣ್ಣಿಗೆ ಚೆನ್ನಾಗಿ ತಿಳಿಹೇಳಿ, ಸ್ಟೇಷನ್ ಕಡೆ ಹೊರಟೆ.

ವಾಪಸು ಬರುವಾಗ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂಟು ಜನರ ಜಾಗದಲ್ಲಿ ಹದಿಮೂರು ಜನರ ಮಧ್ಯೆ ಸಿಕ್ಕಿಕೊಂಡು ಮನೆಗೆ ಫೋನ್ ಮಾಡಿದೆ.

‘ಗೆದ್ದೆ ಕಣೇ! ಬರೀ ಎರಡು ರೂಮಿಗೆ ಎಪ್ಪತ್ತು ತಲೆ ಕೇಳ್ತಾನೆ. ಮುಂಗಡ ಬೇರೆ, ಇನ್ನೂರು ತಲೆ ಒಟ್ಟಿಗೇ ತಂದಿಡ್ಬೇಕಂತೆ... ಹೂಂ, ನಾನೂ ಒಂದೂವರೆ ತಲೆ ಕುಡಿದೆ... ಏನೂ ರುಚಿ ಇಲ್ಲ, ಬರೀ ನೊರೆ... ಭಾನುವಾರ ತಮ್ಮನ್ನ ಕೂರಿಸ್ಕೊಂಡು ಎಲ್ಲಾ ತಲೇನೂ ಎಣಿಸಿ ತೋರಿಸ್ತೀನಿ.’

ಎದುರಿಗಿದ್ದ ಹೆಂಗಸು ಕೈಚೀಲವನ್ನು ಎದೆಗವಚಿಕೊಂಡು ಎದ್ದಳು. ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ದಪ್ಪ ಮನುಷ್ಯ ಒಂದು ಕಣ್ಣು ತೆರೆದು ನನ್ನ ಕೈಚೀಲದಿಂದ ಇಣುಕುತ್ತಿದ್ದ ಕ್ಷೌರದ ಕತ್ತಿಯ ಹಿಡಿ ನೋಡಿದ. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಇಡೀ ಬೋಗಿ ಖಾಲಿ. ಕಾಲು ಚಾಚಿ ಮಲಗಿಕೊಂಡು, ರಾಜನ ಹಾಗೆ ಊರು ಸೇರಿದೆ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಶಟರ್ ಅರ್ಧ ಎಳೆದು ಸಭೆ ಕರೆದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ತಮ್ಮ. ಬೆಂಚಿನ ಮೇಲೆ ನನ್ನವಳು, ಬೀನ್ಸ್ ಮುರಿಯುತ್ತಾ. ಅಂಗಡಿಗೂ ಹಿಂದಿನ ಮನೆಗೂ ನಡುವಿನ ಬಾಗಿಲ ಪರದೆ ಹಿಡಿದುಕೊಂಡು ತಮ್ಮನ ಹೆಂಡತಿ. ತೀರ್ಪು ಹೇಳಲು ಲೆಕ್ಕದ ಮೇಷ್ಟ್ರು. ಈ ಮೇಷ್ಟ್ರು ದಿನಾ ಪೇಪರ್ ಓದಲು ನಮ್ಮಲ್ಲಿಗೆ ಬರುತ್ತಾರೆ. ಕಿವಿಯ ಹಿಂದೆ ಇರುವ ಹನ್ನೆರಡು ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಸಿಕೊಂಡು ಕಾಲು ತಲೆ ಕೊಡುತ್ತಾರೆ. ನಮ್ಮ ಲೆಕ್ಕಪದ್ಧತಿಯಲ್ಲಿ ಕಾಲು ತಲೆ ಇರುವ ಏಕೈಕ ಮನುಷ್ಯ.

ಶೇವಿಂಗ್ ಸೋಪನ್ನು ಬೆರಳಿಗೆ ಹಚ್ಚಿಕೊಂಡು ದೊಡ್ಡ ಕನ್ನಡಿಯ ಮೇಲೆ ಎರಡು ಪಟ್ಟಿ ಬರೆದೆ. ಎಡಕ್ಕೆ ನಮ್ಮೂರು, ಬಲಕ್ಕೆ ಆ ಊರು.

‘ನೋಡ್ರಪ್ಪಾ, ಗಂಡ ಹೆಂಡತಿ ಇಬ್ಬರ ಸಂಸಾರ, ಒಂದು ತಿಂಗಳಿಗೆ. ಮನೆ ಬಾಡಿಗೆ, ಇಲ್ಲಿ ಮೂವತ್ತು ತಲೆ, ಅಲ್ಲಿ ಎಪ್ಪತ್ತು. ಹಾಲು, ಬ್ರೆಡ್ಡು, ಇಲ್ಲಿ ಹತ್ತು, ಅಲ್ಲಿ ಹದಿನೈದು. ತರಕಾರಿ ದಿನಸಿ, ಇಲ್ಲಿ ಇಪ್ಪತ್ತು, ಅಲ್ಲಿ ಮೂವತ್ತಾರು. ಕೆಲಸಕ್ಕೆ ಓಡಾಟ, ಇಲ್ಲಿ ಹಿತ್ತಿಲಿಂದ ಅಂಗಡಿಗೆ ಎಂಟು ಹೆಜ್ಜೆ, ಸೊನ್ನೆ. ಅಲ್ಲಿ ಬಸ್ಸಿಗೆ ಹನ್ನೆರಡು. ಮೇಷ್ಟ್ರೇ, ಕೂಡಿ.’

‘ಇಲ್ಲಿ ಅರವತ್ತು. ಅಲ್ಲಿ ನೂರ ಮೂವತ್ತಮೂರು,’ ಎಂದರು ಮೇಷ್ಟ್ರು, ಪೇಪರಿನಿಂದ ಮುಖ ತೆಗೆಯದೆ.

‘ಕೇಳಿದ್ಯೇನೋ? ನೂರ ಮೂವತ್ತಮೂರು ತಲೆ! ಅಲ್ಲಿಗೆ ಹೋದ್ರೆ ನೀನು ಎರಡೂ ಕೈಯಲ್ಲಿ ಕತ್ತರಿ ಹಿಡೀಬೇಕು, ಕಾಲಲ್ಲಿ ಬಾಚಣಿಗೆ. ಊಟಕ್ಕೂ ಬಿಡುವಿಲ್ಲ. ಇವಳು ನಿನಗೆ ದೂರದಿಂದ ತುತ್ತು ಎಸೀಬೇಕು.’

ತಮ್ಮ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಾ, ‘ಹೂಂ, ಜಾಸ್ತೀನೇ ಆಯ್ತು,’ ಎಂದ. ನನ್ನ ಎದೆ ಹಿಗ್ಗಿ ಅಂಗಿಯ ಒಂದು ಗುಂಡಿ ಹಾರಿ ಎದುರು ಬೀದಿಗೆ ಬಿತ್ತು.

ಆಗ ಪರದೆಯ ಹತ್ತಿರದಿಂದ ಮೆಲ್ಲಗೆ, ‘ಭಾವ, ಒಂದು ಮಾತು ಕೇಳ್ಲಾ?’

‘ಕೇಳಮ್ಮಾ, ಒಂದೇನು, ಹತ್ತು ಕೇಳು.’

‘ಇದು ಯಾವ ಊರಿನ ತಲೆ?’

‘ಯಾವ ಊರಿನ ತಲೆ ಅಂದ್ರೆ? ತಲೆ ತಲೇನೇ. ಕತ್ತಿನ ಮೇಲಿರತ್ತೆ.’

‘ಅಲ್ಲಿ ದುಡಿಯೋದು ಅಲ್ಲಿನ ತಲೇಲಿ ತಾನೆ, ಭಾವ? ಖರ್ಚು ಮಾತ್ರ ಇಲ್ಲಿನ ತಲೇಲಿ ಯಾಕೆ ಬರೆದ್ರಿ? ಅಲ್ಲಿ ಒಂದು ಕಟಿಂಗಿಗೆ ನಮ್ಮ ಮೂರರಷ್ಟಂತಲ್ಲ. ಅಕ್ಕ ಫೋನಲ್ಲಿ ಹೇಳ್ತಿದ್ಲು. ಅಂಗಡಿ ಗೋಡೆ ಮೇಲೆ ಇಷ್ಟು ದೊಡ್ಡದಾಗಿ ಬರೆದಿದಾರಂತೆ. ನೀವು ನೋಡಿರ್ಬೇಕು.’

ಬೀನ್ಸ್ ಮುರಿಯುವ ಸದ್ದು ನಿಂತಿತು. ಮೇಷ್ಟ್ರು ಪೇಪರ್ ಮಡಚಿಟ್ಟರು.

‘ಗಾಳಿ,’ ಎಂದೆ. ‘ಕಣ್ಣಿಗೆ ಧೂಳು ಬಿದ್ದಿತ್ತು.’

‘ನೂರ ಮೂವತ್ತಮೂರನ್ನ ಮೂರರಿಂದ ಭಾಗಿಸಿದ್ರೆ,’ ಎಂದರು ಮೇಷ್ಟ್ರು ಸಂತೋಷದಿಂದ, ಮನುಷ್ಯನಿಗೆ ಇಂಥ ಸಂತೋಷ ಯಾಕಾದರೂ ಬರುತ್ತದೋ, ‘ನಲವತ್ತನಾಲ್ಕು ತಲೆ. ಮೇಲೊಂದು ಶೇವಿಂಗ್. ಇಲ್ಲಿ ಅರವತ್ತು. ಅಂದ್ರೆ ಆ ಊರೇ ಅಗ್ಗ ಕಣಯ್ಯಾ!’

ನಾನು ಸೋಲುವ ಜಾತಿಯವನಲ್ಲ. ಕೂಡಲೇ ಪಟ್ಟು ಬದಲಿಸಿದೆ.

‘ಎಲ್ಲಿ ಅಗ್ಗ? ದುಡಿದದ್ರಲ್ಲಿ ಅರ್ಧ ಆ ಐದುಕುರ್ಚಿಗೆ ಕೊಡ್ಬೇಕು. ಅರ್ಧ! ತನ್ನ ಷಡ್ಡಕ ಅಂತಾನೂ ನೋಡಲ್ಲ, ರಕ್ತ ಹೀರೋ ಮನುಷ್ಯ.’

‘ಇಲ್ಲಿ ಅರ್ಧ ಯಾರಿಗೆ ಹೋಗ್ತಿದೆ?’ ಎಂದಳು ನನ್ನವಳು, ಇನ್ನೊಂದು ಬೀನ್ಸ್ ಕೈಗೆತ್ತಿಕೊಂಡು.

‘ಅದು ಅಂಗಡಿ ಪಾಲು!’

‘ಅಲ್ಲೂ ಅದನ್ನ ಅಂಗಡಿ ಪಾಲು ಅಂತಾನೇ ಕರೀತಾರಂತೆ.’

ಮೇಷ್ಟ್ರು ನಕ್ಕ ರಭಸಕ್ಕೆ ಹನ್ನೆರಡು ಕೂದಲಲ್ಲಿ ಎರಡು ಉದುರಿರಬೇಕು. ತಮ್ಮ ಮಾತ್ರ ನಗಲಿಲ್ಲ. ಅವನ ಹೆಂಡತಿ ಪರದೆ ಬಿಟ್ಟು ಒಳಗೆ ಬಂದಳು. ಅಂಗಡಿ ಗುಡಿಸಲು ಬಿಟ್ಟರೆ ಅವಳು ಇಷ್ಟು ಒಳಗೆ ಬರುವುದಿಲ್ಲ. ಗಂಡಸರ ಅಂಗಡಿ. ಸೋಪಿನ ಬಟ್ಟಲಿಗೆ ಬೆರಳು ಅದ್ದಿ, ಬಲಗಡೆಯ ಪಟ್ಟಿಯ ಕೆಳಗೆ ಒಂದು ಪುಟ್ಟ ಗೆರೆ ಎಳೆದು ‘ನಾನು’ ಎಂದು ಬರೆದಳು. ಮುಂದೆ ಏನೂ ಬರೆಯಲಿಲ್ಲ.

‘ಇದೇನಮ್ಮಾ?’

‘ನನ್ನ ತಲೆಗಳು, ಭಾವ. ನೀವು ಎಣಿಸಲೇ ಇಲ್ಲ.’

‘ನಿನಗೆಲ್ಲಿಯ ತಲೆ?’

ಈ ಪ್ರಶ್ನೆಗೆ ಉತ್ತರ ಹೇಳಿದ್ದು ನನ್ನವಳು. ‘ಯಾಕ್ರೀ, ಅಡುಗೆಮನೆ ಬಾಗಿಲಲ್ಲಿ ಮೋಟು ಸ್ಟೂಲು ಹಾಕ್ಕೊಂಡು ಇವಳು ಏನು ಮಾಡ್ತಾಳೆ ಅಂದ್ಕೊಂಡ್ರಿ? ಈ ಬೀದಿ ಹೆಂಗಸರ ಕೂದಲು ಯಾರು ಕತ್ತರಿಸ್ತಿದಾರೆ? ತುದಿ ಸರಿ ಮಾಡೋದು, ಮುಂಗೂದಲು ಇಳಿಸೋದು, ಬಣ್ಣ ಹಚ್ಚೋದು. ವಾರಕ್ಕೆ ಎಂಟು ಹತ್ತು ಜನ. ಪರದೆ ಸಂದೀಲಿ ನಿಮ್ಮ ಕೈ ನೋಡಿ ನೋಡಿಯೇ ಕಲಿತದ್ದು. ಒಬ್ಬಳು ಮೊಟ್ಟೆ ಕೊಡ್ತಾಳೆ, ಒಬ್ಬಳು ಸೋಪು ಕೊಡ್ತಾಳೆ, ಒಬ್ಬಳು ಬರೀ ಹರಟೆ ಹೊಡೆದು ಹೋಗ್ತಾಳೆ. ನಿಮ್ಮ ಪದ್ಧತೀಲಿ ಮೊಟ್ಟೆಗೆ ಎಷ್ಟು ತಲೆ?’

ನಾನು ಕೇಳಿರಲಿಲ್ಲವೆಂದಲ್ಲ. ಹಿಂದಿನಿಂದ ಹೆಂಗಸರ ನಗು, ಕತ್ತರಿಯ ಕಿಚ್ ಕಿಚ್ ಎರಡೂ ದಿನಾ ಕೇಳುತ್ತಿತ್ತು. ಅದನ್ನು ಕೆಲಸ ಎಂದು ಕರೆಯಬೇಕು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಇಷ್ಟು ದೊಡ್ಡ ತಲೆ ನನ್ನದು, ಎಲ್ಲೋ ಒಂದು ಮೂಲೆಯಲ್ಲಿ ಜಾಗ ಖಾಲಿ ಉಳಿದಿರಬೇಕು.

‘ಅಕ್ಕನ ಗಂಡ ಕೇಳಿರೋದು ಇವರನ್ನ ಮಾತ್ರ,’ ಎಂದಳು ತಮ್ಮನ ಹೆಂಡತಿ. ‘ಅಲ್ಲಿ ಪರದೆ ಆಚೆ ಹೆಂಗಸರ ಕೋಣೆ ಇದೆಯಲ್ಲ... ಹೋದ್ಮೇಲೆ ಕೇಳಿ ನೋಡೋಣ ಅಂತ ಇತ್ತು. ಕೊಟ್ಟರೆ ಕೊಟ್ಟರು. ಅಷ್ಟೇ, ಭಾವ.’

‘ಈಗ ಇಲ್ಲೇ ಮೂರನೇ ಕುರ್ಚಿ ಹಾಕಿಸ್ತೀನಿ ಅಂತ ಶುರು ಮಾಡ್ಬೇಡಿ,’ ಎಂದು ನನ್ನವಳು ನನ್ನ ತೆರೆದ ಬಾಯಿಯನ್ನು ನೋಡಿ ಹೇಳಿದಳು. ‘ಎರಡು ಕುರ್ಚಿ ಮಧ್ಯೆ ನಿಮ್ಮ ಹೊಟ್ಟೆಗೇ ಜಾಗ ಇಲ್ಲ. ಈ ಗಂಡಸರ ಗಲಾಟೇಲಿ ಯಾವ ಹೆಂಗಸು ಬಂದು ಕೂತ್ಕೋತಾಳೆ?’

ಎಲ್ಲ ದಾರಿಯೂ ಮುಚ್ಚಿತು. ಗಂಟೆ ಮೂರೂಮುಕ್ಕಾಲು. ನನ್ನ ಚೀಲದಲ್ಲಿ ಇನ್ನೂ ನೂರು ಸುಳ್ಳುಗಳಿದ್ದವು. ಬಂದರಿನ ಉಪ್ಪುಗಾಳಿಗೆ ಕತ್ತರಿ ತುಕ್ಕು ಹಿಡಿಯುತ್ತದೆ, ಅಲ್ಲಿಯ ನೀರಿಗೆ ಸೋಪು ನೊರೆ ಬರುವುದಿಲ್ಲ, ಅಲ್ಲಿಯ ಸೊಳ್ಳೆಗಳು ಟಿಕೆಟ್ ಕೊಳ್ಳದೆ ಬಸ್ಸು ಹತ್ತುತ್ತವೆ. ಅದರಲ್ಲಿ ಒಂದನ್ನು ತೆಗೆಯಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

‘ನೀನು ಹೋದ್ರೆ ನನ್ನ ತಲೆ ಯಾರೋ ಕತ್ತರಿಸ್ತಾರೆ?’

ಯಾರೂ ನಗಲಿಲ್ಲ. ಮೇಷ್ಟ್ರೂ ನಗಲಿಲ್ಲ. ಎಂಥ ಕೈಚಳಕದವನಾದರೂ ತನ್ನ ಹಿಂದಲೆಗೆ ತಾನೇ ಕತ್ತರಿ ಹಾಕಲಾರ. ಹತ್ತೊಂಬತ್ತು ವರ್ಷದಿಂದ ತಿಂಗಳಿಗೊಮ್ಮೆ ನಾನು ಆ ಕಿಟಕಿ ಕುರ್ಚಿಯಲ್ಲಿ ಕೂತು, ತಲೆಯನ್ನು ತಮ್ಮನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತೇನೆ. ನಾನು ಮಾತು ನಿಲ್ಲಿಸುವುದು ಆ ಅರ್ಧ ಗಂಟೆ ಮಾತ್ರ.

‘ಇದೊಂದು ಮಾತನ್ನ ಕನ್ನಡಿ ಮೇಲೆ ಬರೀಲೇ ಇಲ್ಲ ನೀವು,’ ಎಂದಳು ನನ್ನವಳು. ಅವಳ ದನಿಯಲ್ಲಿ ಕೀಟಲೆ ಇತ್ತು, ಆದರೆ ಅರ್ಧ ತಲೆಯಷ್ಟೇ.

ತಮ್ಮ ಕುರ್ಚಿಯ ಕೈಯನ್ನು ಬಟ್ಟೆಯಿಂದ ಒರೆಸಿದ. ಒಂದು ಸಲ, ಎರಡು ಸಲ. ಆಮೇಲೆ, ‘ಬೇಡ ಬಿಡು ಅಣ್ಣ. ಹೋಗಲ್ಲ. ಫೋನ್ ಬಂದ್ರೆ ಉಹೂಂ ಅಂತೀನಿ,’ ಎಂದ.

ಗೆದ್ದೆ! ಅಷ್ಟು ದೂರ ರೈಲಿನಲ್ಲಿ ಹೋಗಿ ಒಂದೂವರೆ ತಲೆಯ ನೊರೆ ಕುಡಿದು ಬಂದದ್ದು ಸಾರ್ಥಕ. ಎದ್ದು ನಿಂತು ಭಾಷಣ ಮಾಡಬೇಕು ಅನ್ನುವಷ್ಟರಲ್ಲಿ ಕನ್ನಡಿಯಲ್ಲಿ ಏನೋ ಅಲುಗಿತು. ತಮ್ಮನ ಹೆಂಡತಿ ಒದ್ದೆ ಟವೆಲು ತಂದು, ತಾನು ಬರೆದಿದ್ದ ‘ನಾನು’ ಎಂಬುದನ್ನು ಒರೆಸುತ್ತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ. ಗಿರಾಕಿ ಎದ್ದು ಹೋದ ಮೇಲೆ ಕುರ್ಚಿಯ ಮೇಲಿನ ಕೂದಲು ಝಾಡಿಸುವ ಹಾಗೆ, ಅಚ್ಚುಕಟ್ಟಾಗಿ. ನನ್ನ ಅರವತ್ತು, ನನ್ನ ನೂರ ಮೂವತ್ತಮೂರು ಹಾಗೇ ಇದ್ದವು. ಅವಳದ್ದು ಇದ್ದ ಜಾಗದಲ್ಲಿ ಮಾತ್ರ ಗಾಜು ತೊಳೆದಿಟ್ಟ ಹಾಗೆ ಹೊಳೆಯಿತು.

ಫೋನ್ ಬಡಿದುಕೊಂಡಿತು. ಐದುಕುರ್ಚಿಯವನು ಹೊತ್ತಿನ ವಿಷಯದಲ್ಲಿ ಮಾತ್ರ ಪ್ರಾಮಾಣಿಕ. ತಮ್ಮ ಕೈ ಚಾಚಿದ. ಅದಕ್ಕಿಂತ ಬೇಗ ನನ್ನ ಕೈ ಹೋಯಿತು. ಹೋಗಿದ್ದು ಕೈ, ನಾನಲ್ಲ. ಈಗಲೂ ಅದನ್ನು ಆಣೆ ಮಾಡಿ ಹೇಳಬಲ್ಲೆ.

‘ಹಲೋ! ಯಾರು, ಐದು... ಷಡ್ಡಕರಾ? ನಾನು, ಅಣ್ಣ. ಹೂಂ, ಅವನು ಬರ್ತಾನೆ. ಒಂದನೇ ತಾರೀಕಿಗೆ ಬರ್ತಾನೆ. ಆದ್ರೆ ಒಂದು ಷರತ್ತು. ಒಂಟಿಯಾಗಿ ಕೊಡಲ್ಲ. ಜೋಡಿ ಮಾಲು.’

ತಮ್ಮ ಕುರ್ಚಿಯಿಂದ ಎದ್ದ. ನನ್ನವಳ ಮಡಿಲಿನಿಂದ ಬೀನ್ಸ್ ಜಾರಿತು.

‘ಜೋಡಿ ಅಂದ್ರೆ?’ ಎಂದ ಅತ್ತಲಿಂದ.

‘ನಿಮ್ಮ ನಾದಿನಿ ಕಣ್ರೀ! ಕೈಗೆ ಬಂದ ಬಂಗಾರಾನ ಕಿಟಕಿಯಿಂದ ಎಸೀತಿದೀರಲ್ಲ! ಅವಳ ಕೈಗುಣ ನಿಮಗೇನು ಗೊತ್ತು? ಸುರುಳಿ ಕೂದಲನ್ನ ನೇರ ಮಾಡ್ತಾಳೆ, ನೇರ ಇರೋದನ್ನ ಸುರುಳಿ ಮಾಡ್ತಾಳೆ, ಎರಡೂ ಬೇಡ ಅಂದ್ರೆ ಹಾಗೇ ಬಿಟ್ಟು ದುಡ್ಡು ತಗೋತಾಳೆ. ಹದಿನೆಂಟು ಥರ ಜಡೆ! ಈ ಬೀದಿ ಹೆಂಗಸರು ಟೋಕನ್ ತಗೊಂಡು ನಿಲ್ತಾರೆ, ಸಾಲು ರೈಲ್ವೆ ಸ್ಟೇಷನ್ ದಾಟತ್ತೆ. ಮೊನ್ನೆ ಒಬ್ಬಳು ಎಪ್ಪತ್ತು ವರ್ಷದ ಅಜ್ಜಿ ಬಣ್ಣ ಹಚ್ಚಿಸ್ಕೊಂಡು ಹೋದ್ಲು, ಮನೇಲಿ ಸೊಸೆ ಬಾಗಿಲು ತೆಗೆದು, ಯಾರಮ್ಮಾ ನೀನು, ನಮ್ಮ ಅತ್ತೆ ಮನೇಲಿಲ್ಲ ಅಂದ್ಲಂತೆ!’

‘ಭಾವಾ!’ ಎಂದು ತಮ್ಮನ ಹೆಂಡತಿ ಟವೆಲಿನಿಂದ ಬಾಯಿ ಮುಚ್ಚಿಕೊಂಡಳು.

ಐದುಕುರ್ಚಿ ನನ್ನನ್ನು ಬಲ್ಲವನು.

‘ಅಷ್ಟು ದೊಡ್ಡ ಕೆಲಸಗಾರ್ತಿ ಇಷ್ಟು ವರ್ಷ ಎಲ್ಲಿ ಕೂತಿದ್ಲು ಸ್ವಾಮಿ?’

ಇದಕ್ಕೂ ಒಂದು ಒಳ್ಳೆಯ ಉತ್ತರ ನಾಲಗೆಯ ತುದಿಗೆ ಬಂದಿತ್ತು, ರಾಜಮನೆತನವೊಂದರ ಹೆಸರು ಕೂಡ. ಹಾಳು ಕನ್ನಡಿ ಎದುರಿಗಿತ್ತು.

‘ಅಡುಗೆಮನೆ ಬಾಗಿಲಲ್ಲಿ,’ ಎಂದೆ. ‘ಮೋಟು ಸ್ಟೂಲಿನ ಮೇಲೆ. ನನ್ನ ಅಂಗಡೀಲಿ ಅವಳಿಗೆ ಜಾಗ ಇರ್ಲಿಲ್ಲ. ನನಗೆ ಯೋಚನೇನೂ ಬರ್ಲಿಲ್ಲ.’

ಒಂದಕ್ಷರಕ್ಕೂ ಉಪ್ಪು ಖಾರ ಹಚ್ಚಿರಲಿಲ್ಲ. ನನಗೇ ರುಚಿ ಹತ್ತಲಿಲ್ಲ. ಆದರೆ ವಿಚಿತ್ರ ನೋಡಿ, ನನ್ನ ಜೀವಮಾನದಲ್ಲಿ ಮೊದಲ ಸಲ ಐದುಕುರ್ಚಿ ನನ್ನ ಮಾತು ನಂಬಿದ.

‘ಸರಿ,’ ಎಂದ. ‘ಪರದೆ ಆಚೆ ಒಂದು ಕುರ್ಚಿ ಅವಳಿಗೆ. ಮೂರು ತಿಂಗಳು ನೋಡ್ತೀನಿ. ಕೈ ಚೆನ್ನಾಗಿದ್ರೆ ಕಾಯಂ.’

‘ಚೆನ್ನಾಗಿದ್ರೆ ಏನು ರೀ? ಮೂರು ತಿಂಗಳಲ್ಲಿ ನೀವೇ ಅವಳ ಹತ್ರ ಕೆಲಸ ಕೇಳ್ತೀರಿ. ಇನ್ನೊಂದು ಮಾತು. ಸಮುದ್ರ ಕಾಣದ ಮನೆ ನೋಡಿ. ಹಿಂದಿನ ಬೀದೀಲಿ ಸಿಗತ್ತೆ, ಅರ್ಧಕ್ಕೆ ಅರ್ಧ ಬಾಡಿಗೆ!’ ಎಂದು ಫೋನ್ ಇಟ್ಟೆ.

ಅಂಗಡಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

‘ಅರ್ಧಕ್ಕೆ ಅರ್ಧನಾ?’ ಎಂದರು ಮೇಷ್ಟ್ರು. ‘ಹಾಗಾದ್ರೆ ಕನ್ನಡಿ ಮೇಲೆ ಎಪ್ಪತ್ತು ಅಂತ...’

‘ಮೇಷ್ಟ್ರೇ, ಪೇಪರ್ ಓದಿ.’

‘ಒಬ್ಬನ್ನ ತಡೀತೀನಿ ಅಂತ ಊರೂರು ಸುತ್ತಿ ಬಂದು, ಇಬ್ಬರಿಗೆ ಕೆಲಸ ಕೊಡಿಸಿ ಕೂತ್ರಲ್ಲ,’ ಎಂದಳು ನನ್ನವಳು. ‘ನಿಮ್ಮಂಥ ವ್ಯವಹಾರಸ್ಥರು ಇನ್ನೆಲ್ಲಿ ಸಿಗ್ತಾರೆ?’ ಬಿದ್ದ ಬೀನ್ಸ್ ಆರಿಸಲು ಬಗ್ಗಿದವಳು ಬಹಳ ಹೊತ್ತು ಬಗ್ಗಿಯೇ ಇದ್ದಳು.

ತಮ್ಮ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಮಾತಾಡುತ್ತಾನೇನೋ ಎಂದು ಕಾದೆ. ನನ್ನ ಹಿಂದಲೆಯನ್ನು ಬೆರಳಿನಿಂದ ಅಳೆದು ನೋಡಿ, ‘ಇನ್ನೂ ಹನ್ನೆರಡು ದಿನ ಇದೆ, ಹೋಗೋದ್ರೊಳಗೆ ಒಂದ್ಸಲ ಆಗತ್ತೆ. ಆಮೇಲೆ ತಿಂಗಳಿಗೊಂದ್ಸಲ ನೀನೇ ಬಾ,’ ಎಂದ. ಒಂದೇ ಉಸಿರಿಗೆ ಇಷ್ಟು ಮಾತು. ಮೂರು ದಿನದ ಕೋಟಾ ಮುಗಿಯಿತು.

‘ಬರೋಕೆ ರೈಲಿಗೇ ಆರು ತಲೆ ಆಗತ್ತೆ ಕಣೋ! ಒಂದು ತಲೆ ಕತ್ತರಿಸೋಕೆ ಆರು ತಲೆ ಕೊಟ್ಟು ಬರೋ ಮೂರ್ಖ ಯಾರು?’

‘ನೀನು,’ ಎಂದ ತಮ್ಮ.

ತಮ್ಮನ ಹೆಂಡತಿ ಮಾತ್ರ ಕನ್ನಡಿಯ ಹತ್ತಿರವೇ ನಿಂತಿದ್ದಳು. ಟವೆಲಿನ ತುದಿಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು.

‘ಭಾವ, ಹದಿನೆಂಟು ಥರ ಜಡೆ ಅಂದ್ಬಿಟ್ರಿ.’

‘ಹೂಂ, ಅಂದೆ. ಯಾಕೆ?’

‘ನನಗೆ ಬರೋದು ನಾಲ್ಕು.’

‘ಉಳಿದ ಹದಿನಾಲ್ಕು ಈ ಹನ್ನೆರಡು ದಿನದಲ್ಲಿ ಕಲಿ. ನನ್ನ ಮಾತು ಸುಳ್ಳಾದ್ರೆ ಆ ಊರಲ್ಲಿ ನಾನು ಮುಖ ತೋರಿಸೋದು ಹೇಗೆ? ನಿನ್ನ ಓರಗಿತ್ತಿ ಇಲ್ಲೇ ಇದಾಳೆ, ಅವಳ ತಲೆಯಿಂದಲೇ ಶುರು ಮಾಡು.’

‘ನನ್ನ ತಲೆಯಾ? ನಾನೊಲ್ಲೆ!’ ಎಂದು ನನ್ನವಳು ಬೀನ್ಸ್ ಪಾತ್ರೆ ಹಿಡಿದು ಹಿತ್ತಿಲ ಕಡೆ ಓಡಲು ನೋಡಿದಳು. ತಮ್ಮ ಬಾಗಿಲಿಗೆ ಅಡ್ಡ ನಿಂತ. ನಾನು ಕಿಟಕಿ ಪಕ್ಕದ ಕುರ್ಚಿಯನ್ನು ತಿರುಗಿಸಿ, ಬಟ್ಟೆ ಝಾಡಿಸಿ, ನನ್ನ ಕತ್ತರಿಯನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟೆ. ನಮ್ಮಪ್ಪನ ಕಾಲದಿಂದ ಒಬ್ಬ ಹೆಂಗಸೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ನನ್ನವಳು ಬೈಯುತ್ತಲೇ ಕೂತಳು. ಒಮ್ಮೆ ಬಲಕ್ಕೆ ತಿರುಗಿದಳು, ಒಮ್ಮೆ ಎಡಕ್ಕೆ.

‘ಏನ್ರೀ, ಇಷ್ಟು ಮೆತ್ತಗಿದೆ? ಇಷ್ಟು ದಿನ ನೀವೇ ಕೂತ್ಕೋತಿದ್ರಾ?’

‘ಅಕ್ಕಾ, ತಲೆ ಎತ್ತಿ,’ ಎಂದಳು ತಮ್ಮನ ಹೆಂಡತಿ.